ಮೇಜಿನ ಮೇಲಿನ ಶಾಸನ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕಲ್ಬರಹವಿಲ್ಲದ ಊರನ್ನು ಹುಡುಕುವುದೇ ಕಷ್ಟವೆಂದು ಆ ಕಡೆಯವರು ಹೆಮ್ಮೆಯಿಂದ ಹೇಳುವುದುಂಟು. ಮಾತು ಸ್ವಲ್ಪ ಬೆಳೆದಿರಬಹುದು, ಸುಳ್ಳಂತೂ ಅಲ್ಲ. ಕದಂಬರ ಮೂಲವನ್ನು ತಿಳಿಸುವ ತಾಳಗುಂದದ ಕಂಬ, ಅದಕ್ಕಿಂತ ಹಳೆಯ ಪ್ರಾಕೃತ ಬರಹವುಳ್ಳ ಮಳವಳ್ಳಿಯ ಕಂಬ, ಊರಿಗೆ ಊರೇ ಶಾಸನಶಾಲೆಯಂತಿರುವ ಬಳ್ಳಿಗಾವಿ, ಇವೆಲ್ಲ ಶಿಕಾರಿಪುರ ತಾಲ್ಲೂಕಿನವು. ಸೊರಬದ ಕಡೆಗೆ ಹೊರಳಿದರೆ ಕುಪ್ಪಟೂರು, ಉದ್ರಿ, ಚಂದ್ರಗುತ್ತಿ. ಇವಲ್ಲದೆ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಹನುಮಂತನ ಗುಡಿಯ ಹಿಂದೆ ಒರಗಿನಿಂತ ವೀರಗಲ್ಲುಗಳು ಎಷ್ಟೋ.

ಈ ಕಲ್ಲುಗಳ ಬರಹವನ್ನು ಊರೂರು ತಿರುಗಿ ಸಂಗ್ರಹಿಸಿ ಅಚ್ಚು ಹಾಕಿಸಿದವರು ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಹನ್ನೆರಡು ಸಂಪುಟಗಳ ಪೈಕಿ ಶಿವಮೊಗ್ಗ ಜಿಲ್ಲೆಗೆ ಸಂದವು ಎರಡು: ೧೯೦೨ರಲ್ಲಿ ಹೊರಬಂದ ಏಳನೆಯ ಸಂಪುಟದಲ್ಲಿ ಶಿಕಾರಿಪುರ, ೧೯೦೪ರ ಎಂಟನೆಯದರಲ್ಲಿ ಸೊರಬ. ಹಿಂದೆ ಇವನ್ನು ನೋಡಬೇಕಾದರೆ ದೊಡ್ಡ ಪುಸ್ತಕಾಲಯಗಳ ಮೆಟ್ಟಿಲು ಹತ್ತಬೇಕಾಗಿತ್ತು. ಈಗ ಅದೇ ಪುಟಗಳು ಸ್ಕ್ಯಾನ್ ಆಗಿ, ಅಂತರ್ಜಾಲದಲ್ಲಿ ಬೆಲೆಯಿಲ್ಲದೆ ದೊರೆಯುತ್ತಿವೆ. ಮನೆಯ ಹುಡುಗರು ಒಂದು ಪೆನ್ ಡ್ರೈವಿನಲ್ಲಿ ಎರಡು ಸಂಪುಟಗಳನ್ನೂ ತಂದುಕೊಡುತ್ತಾರೆ. ಹಿರಿಯರು ಕಂಪ್ಯೂಟರಿನ ಮುಂದೆ ಕುಳಿತು ತಮ್ಮ ಊರಿನ ಹೆಸರನ್ನು ಬೆರಳಚ್ಚಿಸಿ ಹುಡುಕುತ್ತಾರೆ. ‘ಸಿಕ್ಕಲಿಲ್ಲ’ ಎಂಬ ಉತ್ತರ ಬರುತ್ತದೆ. ನಮ್ಮೂರಿನಲ್ಲಿ ಶಾಸನವೇ ಇಲ್ಲವೆಂದು ಕಡತವನ್ನು ಮುಚ್ಚಿಬಿಡುತ್ತಾರೆ. ಇಲ್ಲವೆಂದದ್ದು ಯಂತ್ರ, ಪುಸ್ತಕವಲ್ಲ. ಈ ಎರಡರ ನಡುವಣ ಅಂತರ ತಿಳಿಯಬೇಕಾದರೆ ಆ ಕಡತದ ಒಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು.

ಸ್ಕ್ಯಾನ್ ಮಾಡಿದ ಪುಟವೆಂದರೆ ಮೊದಲಿಗೆ ಒಂದು ಚಿತ್ರ. ಮದುವೆಯ ಛಾಯಾಚಿತ್ರದಲ್ಲಿ ಮದುಮಗನ ಹೆಸರು ಹೇಗೆ ಇರುವುದಿಲ್ಲವೋ ಹಾಗೆ ಈ ಚಿತ್ರದಲ್ಲಿ ಅಕ್ಷರವೆಂಬುದು ಇರುವುದಿಲ್ಲ. ಕಪ್ಪು ಬಿಳುಪು ಚುಕ್ಕೆಗಳಿವೆ, ಅಷ್ಟೆ. ನಾನೂರು, ಐನೂರು ಪುಟಗಳ ಚಿತ್ರಗಳನ್ನು ಹಾಗೆಯೇ ಇಟ್ಟರೆ ಕಡತ ಬಹಳ ದಪ್ಪವಾಗುತ್ತದೆ. ಇದಕ್ಕೊಂದು ಉಪಾಯವನ್ನು ೧೯೯೦ರ ದಶಕದಲ್ಲಿ ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಶಾಲೆಯಲ್ಲಿ ಯಾನ್ ಲೆಕುನ್, ಲಿಯಾನ್ ಬೊಟ್ಟೂ ಮೊದಲಾದವರು ಕಂಡುಹಿಡಿದರು. ಅದಕ್ಕೆ ‘ದೇಜಾ ವೂ’ ಎಂದು ಹೆಸರಿಟ್ಟರು. ಫ್ರೆಂಚ್ ಭಾಷೆಯಲ್ಲಿ ‘ಈ ಮೊದಲೇ ಕಂಡದ್ದು’ ಎಂದು ಅದರ ಅರ್ಥ. ಹೆಸರು ವಿನೋದಕ್ಕೆ ಇಟ್ಟಂತೆ ತೋರಿದರೂ ಕೆಲಸಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಪುಟದ ಹಿನ್ನೆಲೆಯನ್ನೂ, ಅಂದರೆ ಹಳದಿಗಟ್ಟಿದ ಕಾಗದ, ಕಲೆ, ನೆರಳುಗಳನ್ನೂ, ಮುಂದಿರುವ ಅಕ್ಷರಗಳನ್ನೂ ಅದು ಬೇರೆ ಬೇರೆ ಪದರಗಳಾಗಿ ಬಿಡಿಸುತ್ತದೆ. ಹಿನ್ನೆಲೆಯನ್ನು ಒರಟಾಗಿ ಉಳಿಸಿಕೊಂಡು, ಅಕ್ಷರಗಳ ಅಂಚನ್ನು ಮಾತ್ರ ಚೊಕ್ಕವಾಗಿ ಇಡುತ್ತದೆ. ಒಂದೇ ಆಕಾರದ ಅಕ್ಷರ ನೂರು ಕಡೆ ಬಂದರೆ ಅದನ್ನು ಒಮ್ಮೆ ಮಾತ್ರ ಕಾಪಿಟ್ಟು, ಉಳಿದೆಡೆ ಅದನ್ನೇ ತಂದು ಕೂರಿಸುತ್ತದೆ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಖಾನೆಯಿಂದ ‘ಕ’ ತೆಗೆದು ಕೂರಿಸಿದಂತೆಯೇ ಇದು.

ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಗ್ರಂಥಭಂಡಾರವು ೨೦೧೬ರವರೆಗೆ ತನ್ನ ಪುಸ್ತಕಗಳನ್ನು ಈ ರೂಪದಲ್ಲಿಯೂ ಒದಗಿಸುತ್ತಿತ್ತು. ಆಮೇಲೆ ಹೊಸದಾಗಿ ತಯಾರಿಸುವುದನ್ನು ಬಿಟ್ಟು ಪಿಡಿಎಫ್ ರೂಪಕ್ಕೆ ಒತ್ತುಕೊಟ್ಟಿತು. ಆದ್ದರಿಂದ ನಿಮಗೆ ದೊರೆತ ಸಂಪುಟ ಎರಡರಲ್ಲಿ ಯಾವುದಾದರೂ ಆಗಿರಬಹುದು. ಪಿಡಿಎಫ್ ತೆರೆಯುವ ಸಾಮಾನ್ಯ ವ್ಯೂವರಿಗೆ ದೇಜಾ ವೂ ಕಡತ ತಿಳಿಯದೆ ಹೋದರೆ ಕಡತ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಸುಮಾತ್ರ ಪಿಡಿಎಫ್ ಎಂಬ ಪುಟ್ಟ ವ್ಯೂವರ್ ವಿಂಡೋಸ್ ಯಂತ್ರದಲ್ಲಿ ಎರಡನ್ನೂ ತೆರೆಯುತ್ತದೆ. ಲಿನಕ್ಸ್ ಇರುವವರಿಗೆ ಒಕ್ಯುಲರ್ ಇದೆ. ದೇಜಾ ವೂ ಕಡತಕ್ಕೆಂದೇ ಬೊಟ್ಟೂ ಅವರು ಮಾಡಿಕೊಟ್ಟ ಡಿಜೆವ್ಯೂ ಇದೆ. ಯಾವುದಕ್ಕೂ ಹಣ ಕೊಡಬೇಕಾಗಿಲ್ಲ.

ಇನ್ನು ಹುಡುಕುವ ವಿಚಾರ. ಚಿತ್ರದಲ್ಲಿ ಅಕ್ಷರವಿಲ್ಲವೆಂದ ಮೇಲೆ ಯಂತ್ರ ಹುಡುಕುವುದಾದರೂ ಏನನ್ನು? ಪುಟದ ಚಿತ್ರದ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಪದರವಿರುತ್ತದೆ. ಯಂತ್ರವೇ ಚಿತ್ರವನ್ನು ಓದಿ, ತನಗೆ ತಿಳಿದಂತೆ ಬರೆದುಕೊಂಡ ಪಠ್ಯ ಅದು. ಕಂಟ್ರೋಲ್ ಕೀಲಿಯೊಡನೆ ಎಫ್ ಒತ್ತಿ ನೀವು ಹುಡುಕುವುದು ಪುಟವನ್ನಲ್ಲ, ಈ ಟಿಪ್ಪಣಿಯನ್ನು. ಟಿಪ್ಪಣಿ ಮಾಡಿದ ಯಂತ್ರಕ್ಕೆ ಇಂಗ್ಲಿಷ್ ಮಾತ್ರ ಕಲಿಸಿದ್ದರೆ, ಕನ್ನಡ ಅಕ್ಷರದ ಪುಟಗಳನ್ನು ಕಂಡು ಅದು ಬಾಯಿಗೆ ಬಂದಂತೆ ಇಂಗ್ಲಿಷ್ ಅಕ್ಷರಗಳನ್ನು ಸುರಿದಿರುತ್ತದೆ. ರೋಮನ್ ಲಿಪಿಯ ಪುಟಗಳಲ್ಲೂ ತೊಂದರೆ ತಪ್ಪಿದ್ದಲ್ಲ. ದೀರ್ಘಕ್ಕೆ ಮೇಲೊಂದು ಗೆರೆ, ಳಕಾರಕ್ಕೆ ಕೆಳಗೊಂದು ಚುಕ್ಕೆ ಇರುವ ಆ ಬರಹದಲ್ಲಿ ಬಳ್ಳಿಗಾವೆ ಎಂಬ ಹೆಸರು ಯಾವ ಯಾವ ರೂಪ ತಾಳುತ್ತದೆಯೋ ಹೇಳಲು ಬಾರದು. ಸಾಲದ್ದಕ್ಕೆ ಆ ಕಾಲದವರ ಕಾಗುಣಿತ ಬೇರೆ: ಶಿಕಾರಿಪುರ ಅವರಿಗೆ ‘ಶಿಕಾರ್‌ಪುರ್’, ಸೊರಬ ‘ಸೊರಬ್’, ಬಳ್ಳಿಗಾವಿ ‘ಬೆಳಗಾಮಿ’.

ನಿಮ್ಮ ಕಡತದ ಟಿಪ್ಪಣಿ ಎಷ್ಟರ ಮಟ್ಟಿನದೆಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ. ವ್ಯೂವರಿನಲ್ಲಿ ಪಠ್ಯ ಆಯ್ದುಕೊಳ್ಳುವ ಉಪಕರಣದಿಂದ ಎರಡು ಸಾಲನ್ನು ಎಳೆದು ನಕಲು ಮಾಡಿ, ಖಾಲಿ ಹಾಳೆಯೊಂದಕ್ಕೆ ಅಂಟಿಸಿರಿ. ಕಣ್ಣಿಗೆ ಕಂಡದ್ದೂ ಅಂಟಿದ್ದೂ ಒಂದೇ ಆದರೆ ಹುಡುಕಾಟವನ್ನು ನಂಬಬಹುದು. ಅಂಟಿದ್ದು ಗೋಜಲಾಗಿದ್ದರೆ, ಏನೂ ಬಾರದಿದ್ದರೆ, ಹುಡುಕುವ ಪೆಟ್ಟಿಗೆಯ ಕಡೆ ನೋಡಲೇಬೇಡಿ. ಡಿಜೆವ್ಯೂ ಇದ್ದವರಿಗೆ ಇನ್ನೂ ಅನುಕೂಲ: ಅದರ ನೋಟದ ಪಟ್ಟಿಯಲ್ಲಿ ಅಡಗಿದ ಪಠ್ಯವನ್ನೇ ಬಿಚ್ಚಿ ತೋರಿಸುವ ಏರ್ಪಾಡಿದೆ.

ಹಾಗಾದರೆ ದಾರಿ ಯಾವುದು? ರೈಸ್ ಸಾಹೇಬರೇ ಹಾಕಿಕೊಟ್ಟ ದಾರಿ. ಅವರು ಶಾಸನಗಳನ್ನು ತಾಲ್ಲೂಕುವಾರು ಎಣಿಸಿ, ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ತಾಳಗುಂದದ ಕಂಬ ಶಿಕಾರಿಪುರ ೧೭೬. ವಿದ್ವಾಂಸರು ಯಾವ ಭಾಷೆಯಲ್ಲಿ ಬರೆದರೂ ಈ ಸಂಖ್ಯೆ ಬದಲಾಗುವುದಿಲ್ಲ. ಒಂದೇ ಶಾಸನ ಅವರ ಸಂಪುಟದಲ್ಲಿ ಮೂರು ಕಡೆ ಬರುತ್ತದೆ: ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಕನ್ನಡ ಲಿಪಿಯಲ್ಲಿ. ಮೂರಕ್ಕೂ ಸಂಖ್ಯೆ ಒಂದೇ. ಆದ್ದರಿಂದ ಒಂದು ಭಾಗದಲ್ಲಿ ಹಿಡಿದರೆ ಉಳಿದೆರಡರಲ್ಲಿ ಹಿಡಿಯುವುದು ಕಷ್ಟವಲ್ಲ. ಪಕ್ಕದ ಪಟ್ಟಿಯಲ್ಲಿ ಪುಟಗಳ ಕಿರುಚಿತ್ರಗಳನ್ನು ತೆರೆದಿಟ್ಟುಕೊಂಡು, ಇಂಗ್ಲಿಷ್ ಎಲ್ಲಿ ಮುಗಿದು ಕನ್ನಡ ಎಲ್ಲಿ ಮೊದಲಾಗುತ್ತದೆಂದು ದೂರದಿಂದಲೇ ಗುರುತಿಸಬಹುದು.

ಇಲ್ಲಿ ಎಡವುವ ಜಾಗವೊಂದಿದೆ. ವ್ಯೂವರ್ ತೋರಿಸುವ ಪುಟಸಂಖ್ಯೆ ಕಡತದ್ದು. ಪುಟದ ಮೇಲೆ ಅಚ್ಚಾದದ್ದು ಪುಸ್ತಕದ್ದು. ರಟ್ಟು, ಖಾಲಿ ಹಾಳೆ, ರೋಮನ್ ಅಂಕಿಯ ಮುನ್ನುಡಿ ಇವೆಲ್ಲವನ್ನೂ ಕಡತ ಎಣಿಸುತ್ತದೆ. ಪುಸ್ತಕದ ೧ನೆಯ ಪುಟ ಕಡತದಲ್ಲಿ ೫೦ನೆಯದೋ ೬೦ನೆಯದೋ ಆಗಿರಬಹುದು. ಒಮ್ಮೆ ಈ ವ್ಯತ್ಯಾಸವನ್ನು ಲೆಕ್ಕಹಾಕಿ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಸ್ಕ್ಯಾನ್ ಮಾಡುವಾಗ ಹಾಳೆಯೊಂದು ತಪ್ಪಿಹೋಗಿದ್ದರೆ ಆ ವ್ಯತ್ಯಾಸ ನಡುವಿನಲ್ಲೇ ಬದಲಾಗುತ್ತದೆ. ತಪ್ಪಿದ ಹಾಳೆಯನ್ನು ಪತ್ತೆಮಾಡಲು ಅದೇ ಒಳ್ಳೆಯ ಗುರುತು.

ಪುಟ ಸಿಕ್ಕ ಮೇಲೆ ಓದುವ ಕೆಲಸ. ಅಕ್ಷರ ಚಿಕ್ಕದಾದರೆ ಹಿಗ್ಗಿಸಬಹುದು. ಡಿಜೆವ್ಯೂನಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಒತ್ತಿಹಿಡಿದರೆ ಮೌಸ್ ಹೋದಲ್ಲೆಲ್ಲ ಭೂತಗನ್ನಡಿಯೊಂದು ಹಿಂಬಾಲಿಸುತ್ತದೆ. ಹಿನ್ನೆಲೆಯ ಕಲೆ ಅಡ್ಡಬಂದರೆ ಅಕ್ಷರದ ಪದರವನ್ನು ಮಾತ್ರ ಉಳಿಸಿಕೊಳ್ಳಬಹುದು. ಪುಟ ತಿರುಗಿಸುವ ಗುಂಡಿಯೂ ಬೇಕಾಗುತ್ತದೆ. ತಾಳಗುಂದದ ಕಂಬದ ಸಾಲುಗಳು ಅಡ್ಡಕ್ಕಿಲ್ಲ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅದರ ಪಡಿಯಚ್ಚಿನ ಚಿತ್ರವನ್ನು ತಿರುಗಿಸದೆ ಓದುವವನ ಕತ್ತು ನೋಯದೆ ಇರದು.

ಆದರೆ ಅಂಕಿಗಳ ವಿಷಯದಲ್ಲಿ ಭೂತಗನ್ನಡಿಯೊಂದೇ ಸಾಲದು. ಒಂದೇ ಆಕಾರವನ್ನು ಒಮ್ಮೆ ಮಾತ್ರ ಕಾಪಿಡುವ ಉಪಾಯದಲ್ಲಿ, ಸಮೀಪದ ಎರಡು ಆಕಾರಗಳನ್ನು ಒಂದೆಂದು ಯಂತ್ರ ತಿಳಿಯುವ ಅಪಾಯವುಂಟು. ಇದು ಬರಿಯ ಊಹೆಯಲ್ಲ. ೨೦೧೩ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬವರು, ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನ್ ಯಂತ್ರಗಳು ಇದೇ ಬಗೆಯ ಉಪಾಯದಿಂದಾಗಿ ಕಾಗದದಲ್ಲಿದ್ದ ೬ನ್ನು ೮ ಮಾಡಿಬಿಡುತ್ತಿದ್ದುದನ್ನು ತೋರಿಸಿಕೊಟ್ಟರು. ಅಕ್ಷರ ಮಸುಕಾಗಿದ್ದರೆ ನಾವು ಅನುಮಾನಿಸುತ್ತಿದ್ದೆವು. ಅಲ್ಲಿ ತಪ್ಪು ಅಂಕಿಯೇ ಚೊಕ್ಕವಾಗಿ ಕಾಣುತ್ತಿತ್ತು.

ಕನ್ನಡದ ೬, ೯ ಒಂದನ್ನೊಂದು ಹೋಲುವುದು ಎಲ್ಲರಿಗೂ ಗೊತ್ತು. ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ಚಾವುಂಡರಾಯರಸ ನಿಲ್ಲಿಸಿದ್ದು ಶಕ ೯೬೯ರಲ್ಲಿ. ಎಪ್ಪತ್ತೆಂಟು ಕೂಡಿಸಿದರೆ ಕ್ರಿ.ಶ. ೧೦೪೭, ಕಲ್ಯಾಣದ ಒಂದನೆಯ ಸೋಮೇಶ್ವರನ ಕಾಲ. ನಡುವಿನ ೬ನ್ನು ೯ ಎಂದುಕೊಂಡರೆ ೧೦೭೭, ಆರನೆಯ ವಿಕ್ರಮಾದಿತ್ಯನ ಕಾಲ. ಈ ತಪ್ಪನ್ನು ಪಂಚಾಂಗ ಹಿಡಿಯುತ್ತದೆ: ಶಕ ೯೬೯ ಸರ್ವಜಿತು ಸಂವತ್ಸರ, ೯೯೯ ಪಿಂಗಳ. ಮೊದಲಿನ ೯ನ್ನು ೬ ಎಂದುಕೊಂಡರೋ, ೭೪೭ಕ್ಕೆ ಇಳಿದು ಬಾದಾಮಿಯ ಚಾಲುಕ್ಯರ ಕೊನೆಗಾಲಕ್ಕೆ ಬರುತ್ತೇವೆ. ತಮಾಷೆಯೆಂದರೆ ೬೬೯ ಕೂಡ ಸರ್ವಜಿತುವೇ. ನಡುವಣ ಮುನ್ನೂರು ವರ್ಷ ಅರುವತ್ತರ ಐದು ಸುತ್ತು. ಅಲ್ಲಿ ಕೈಹಿಡಿಯುವುದು ಅರಸನ ಹೆಸರು. ಆದುದರಿಂದ ಕಾಲವನ್ನು ಬರೆದುಕೊಳ್ಳುವಾಗ ಶಕವರ್ಷ, ಸಂವತ್ಸರ, ಅರಸು ಈ ಮೂರನ್ನೂ ಸೇರಿಸಿ ನೋಡಿ, ಕನ್ನಡ ಭಾಗದ ಅಂಕಿಯನ್ನು ರೋಮನ್ ಭಾಗದೊಡನೆ ತಾಳೆಹಾಕಬೇಕು. ಜಾತ್ರೆಯ ಸ್ಮರಣಸಂಚಿಕೆಯಲ್ಲಿ ಒಮ್ಮೆ ಅಚ್ಚಾದ ತಪ್ಪು ಇಸವಿ ಗುಡಿಯ ಬಾಗಿಲ ಫಲಕಕ್ಕೆ ಏರಿದ ಮೇಲೆ ಅದನ್ನು ಇಳಿಸುವುದು ಯಾರಿಂದಲೂ ಆಗದ ಕೆಲಸ.

ಸಂಪುಟದಲ್ಲಿ ಇಲ್ಲದ್ದೂ ನೆಲದಲ್ಲಿ ಇರಬಹುದು. ತಾಳಗುಂದದಲ್ಲಿಯೇ ೨೦೧೩ರ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲೊಂದು ಹಳೆಯ ಬರಹ ಹೊರಬಿತ್ತು. ೧೯೦೨ರ ಪುಸ್ತಕದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಇದಕ್ಕೆ ತಿರುಗುಮುರುಗಾದುದೂ ಉಂಟು: ರೈಸ್ ಸಾಹೇಬರ ಕಾಲದಲ್ಲಿ ಓದಲು ಬರುತ್ತಿದ್ದ ಸಾಲುಗಳು ಮಳೆಗಾಳಿಗೆ ಸವೆದು, ಈಗ ಪುಸ್ತಕದಲ್ಲಿ ಮಾತ್ರ ಉಳಿದಿರಬಹುದು. ನಿಮ್ಮ ಊರಿನ ಶಾಸನದ ಕನ್ನಡ ಪುಟವನ್ನು ವ್ಯೂವರಿನಿಂದಲೇ ಮುದ್ರಿಸಿಕೊಂಡು, ಇಳಿಬಿಸಿಲಿನ ಹೊತ್ತಿನಲ್ಲಿ ಕಲ್ಲಿನ ಬಳಿಗೆ ಹೋಗಿರಿ. ಓರೆಬೆಳಕಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಬಳಿಯಬಾರದು. ಪುಟದಲ್ಲಿದ್ದು ಕಲ್ಲಿನಲ್ಲಿ ಕಾಣದ ಸಾಲಿಗೆ ಪೆನ್ಸಿಲಿನಿಂದ ಒಂದು ಗುರುತು, ಕಲ್ಲಿನಲ್ಲಿದ್ದು ಪುಟದಲ್ಲಿಲ್ಲದ್ದಕ್ಕೆ ಇನ್ನೊಂದು ಗುರುತು ಹಾಕಿ, ಹಾಳೆಯ ಮೇಲ್ಗಡೆ ತಾಲ್ಲೂಕಿನ ಹೆಸರನ್ನೂ ಶಾಸನದ ಸಂಖ್ಯೆಯನ್ನೂ ಅಂದಿನ ತಾರೀಖನ್ನೂ ಬರೆದಿಡಿ.