ಬೈಸಿಕಲ್ಲಿನ ಸರಪಣಿಯ ಆರೈಕೆ

ಭಾನುವಾರ ಬಂತೆಂದರೆ ಮನೆಯ ಬೈಸಿಕಲ್ಲನ್ನು ಒರಸಿ, ಹ್ಯಾಂಡಲು ರಿಮ್ಮುಗಳನ್ನು ಕನ್ನಡಿಯಂತೆ ಬೆಳಗುವ ಗೃಹಸ್ಥರನ್ನು ನಾವು ಬಹುಮಂದಿ ಬಲ್ಲೆವು. ಸರಪಣಿಯ ಕಡೆಗೆ ಕಣ್ಣು ಹಾಯಿಸುವವರು ಅವರಲ್ಲಿ ವಿರಳ. ಅದು ಕಿರುಗುಟ್ಟಿದಾಗ ಅಡಿಗೆಮನೆಯಿಂದ ಒಂದು ಚಮಚ ಎಣ್ಣೆಯನ್ನು ತಂದು ಮೇಲಿನಿಂದ ಸುರಿದು ಕೃತಕೃತ್ಯರಾಗುವರು. ಸದ್ದೇನೋ ಅಡಗುವುದು, ಸರಪಣಿಯ ಸವೆತವು ಮಾತ್ರ ಅಂದಿನಿಂದ ಹೆಚ್ಚುವುದು.

ಇದು ಹೇಗೆಂಬುದನ್ನು ತಿಳಿಯಲು ಸರಪಣಿಯ ರಚನೆಯನ್ನು ಅರಿಯತಕ್ಕದ್ದು. ಈಗ ಬಳಕೆಯಲ್ಲಿರುವ ಬಗೆಯ ಸರಪಣಿಗೆ ಹಾನ್ಸ್ ರೆನಾಲ್ಡ್ ಎಂಬ ಯಂತ್ರಶಿಲ್ಪಿಯು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದು 1880ರಲ್ಲಿ ಪೇಟೆಂಟು ಪಡೆದನು. ತಗಡುಗಳ ನಡುವೆ ಒಂದು ಉಕ್ಕಿನ ಪಿನ್ನು, ಅದರ ಸುತ್ತ ಒಂದು ಪುಟ್ಟ ಕೊಳವೆ, ಕೊಳವೆಯ ಮೇಲೆ ತಿರುಗುವ ಒಂದು ಉರುಳೆ, ಇಷ್ಟೇ ಅದರ ಸಂವಿಧಾನ. ಎಣ್ಣೆ ಬೇಕಾದುದು ಪಿನ್ನಿಗೂ ಕೊಳವೆಗೂ ನಡುವಣ ಸೂಕ್ಷ್ಮವಾದ ಸಂದಿಗೆ. ಹೊರಮೈಗೆ ಸುರಿದ ಎಣ್ಣೆಯು ದಾರಿಯ ಧೂಳನ್ನು ಹಿಡಿದು ಕಪ್ಪು ಅಂಟಾಗಿ, ಸಾಣೆಯ ಪುಡಿಯಂತೆ ಒಳಸೇರಿ ಉಕ್ಕನ್ನೇ ಅರೆಯುವುದು. "ಚೈನು ಎಳೆದುಕೊಂಡಿದೆ" ಎಂದು ಅಂಗಡಿಯವನು ಹೇಳುವನಲ್ಲವೆ? ಉಕ್ಕು ರಬ್ಬರಿನಂತೆ ಎಳೆದುಕೊಂಡುದಲ್ಲ. ನೂರಕ್ಕೆ ಮೇಲ್ಪಟ್ಟ ಪಿನ್ನುಗಳು ಒಂದೊಂದೂ ಕೂದಲೆಳೆಯಷ್ಟು ಸವೆದು, ಆ ಸವೆತವೆಲ್ಲವೂ ಕೂಡಿ ಉದ್ದವಾಗಿ ತೋರುವುದು.

ಸಂಸ್ಕೃತದಲ್ಲಿ ಎಣ್ಣೆಗೆ ಸ್ನೇಹವೆಂಬ ಹೆಸರುಂಟು. ಆದರೆ ಎಲ್ಲ ಸ್ನೇಹವೂ ಸರಪಣಿಗೆ ಹಿತವಲ್ಲ. ಕೊಬ್ಬರಿಯೆಣ್ಣೆಯು ಮಾಗಿಯ ಚಳಿಯಲ್ಲಿ ಹೆಪ್ಪುಗಟ್ಟುವುದು. ಕುಸುಬೆಯೆಣ್ಣೆ, ಅಗಸೆಯೆಣ್ಣೆಗಳು ಗಾಳಿಗೆ ಒಣಗಿ ಅಂಟಾಗುವುವು. ಹರಳೆಣ್ಣೆಯು ಎತ್ತಿನ ಗಾಡಿಯ ಅಚ್ಚಿಗೆ ಸರಿ, ಈ ಸಂದಿಗೆ ಬೇಗನೆ ಇಳಿಯದು. ಹೊಲಿಗೆಯಂತ್ರದ ಎಣ್ಣೆಯು ಇಳಿಯುವುದಾದರೂ ಮಳೆಗೆ ಬೇಗ ತೊಳೆದುಹೋಗುವುದು. ಸರಪಣಿಗೆಂದೇ ಅಂಗಡಿಯಲ್ಲಿ ದೊರೆಯುವ ಎಣ್ಣೆ ಲೇಸು.

2006-07ರಿಂದ ಕೆಲವು ವರ್ಷಗಳ ಕಾಲ ನಮ್ಮ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಕೊಟ್ಟಿತಷ್ಟೆ. ನಾವು ಪಾಠ ಹೇಳುತ್ತಿದ್ದ ಊರಿನಲ್ಲಿ ಅವುಗಳಲ್ಲಿ ಕೆಲವು ಮಳೆಗಾಲವೆಲ್ಲ ಜಗಲಿಯ ಹೊರಗೆ ನೆನೆದು, ಸರಪಣಿಯು ತುಕ್ಕುಗಟ್ಟಿ ಬಿಗಿದುಕೊಂಡುವು. ಆ ಮನೆಯ ಹುಡುಗಿಯರು ಮತ್ತೆ ನಡೆದು ಬರತೊಡಗಿದರು. ಒಬ್ಬಿಬ್ಬರು ಬರುವುದನ್ನೇ ಬಿಟ್ಟರು. ಹಾಗೆ ಬಿಗಿದ ಸರಪಣಿಯನ್ನು ಬಿಚ್ಚಿ ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಯಿಟ್ಟು, ಒಂದೊಂದೇ ಕೊಂಡಿಯನ್ನು ಬೆರಳಿನಿಂದ ಮಡಿಸಿ ಬಿಡಿಸಿದರೆ ಎಷ್ಟೋ ವೇಳೆ ಅದು ಸಡಿಲಗೊಳ್ಳುವುದು.

ವಾಡಿಕೆಯ ಶುದ್ಧಿಗೆ ಇಷ್ಟು ಪ್ರಯಾಸವಿಲ್ಲ. ಕವಚವನ್ನೂ ಚೈನ್ ಲಾಕನ್ನೂ ತೆಗೆದು, ಹಳೆಯ ತಟ್ಟೆಯಲ್ಲಿ ಸೀಮೆಎಣ್ಣೆ ಹಾಕಿ (ಅದು ದೊರೆಯದಿದ್ದರೆ ಡೀಸೆಲ್ಲಾದರೂ ಆದೀತು), ಸರಪಣಿಯನ್ನು ಮುಳುಗಿಸಿ ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತಕ್ಕದ್ದು. ಪೆಟ್ರೋಲು ಕೂಡದು, ಅದರ ಆವಿಯು ದೂರದ ಒಲೆಯ ಕಿಡಿಗೂ ಹೊತ್ತಿಕೊಳ್ಳುವುದು. ಎರಡನೆಯ ಬಾರಿ ಹೊಸ ಸೀಮೆಎಣ್ಣೆಯಲ್ಲಿ ಜಾಲಿಸಿ, ಒರಸಿ, ಚೆನ್ನಾಗಿ ಆರಿಸಬೇಕು. ಆರದೆ ಉಳಿದ ಸೀಮೆಎಣ್ಣೆಯು ಹೊಸ ಎಣ್ಣೆಯನ್ನು ನೀರು ಮಾಡುವುದು. ಕೊಳೆಯಾದ ಸೀಮೆಎಣ್ಣೆಯನ್ನು ಬಚ್ಚಲಿಗೆ ಚೆಲ್ಲದೆ ಸೀಸೆಯಲ್ಲಿ ಇಟ್ಟರೆ ಕೊಳೆ ತಳಕ್ಕಿಳಿಯುವುದು. ಮೇಲಿನ ತಿಳಿ ಮತ್ತೊಮ್ಮೆ ಉಪಯೋಗಕ್ಕೆ ಬರುವುದು.

ಚೈನ್ ಲಾಕನ್ನು ಮರಳಿ ಹಾಕುವಾಗ ಅದರ ಮುಚ್ಚಿದ ತುದಿಯು ಸರಪಣಿಯು ಓಡುವ ದಿಕ್ಕಿಗೆ ಇರತಕ್ಕದ್ದು. ಅನಂತರ ಕೆಳಗಿನ ಸಾಲಿನ ಒಳಮೈಯಲ್ಲಿ ಉರುಳೆಗೊಂದರಂತೆ ಒಂದೊಂದೇ ತೊಟ್ಟು ಬಿಡುತ್ತ ಪೆಡಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ತಾಳ್ಮೆಯಿಲ್ಲದವರಿಗೆ ಇದು ಬೇಸರವೇ ಸರಿ. ಒಂದು ರಾತ್ರಿ ಹಾಗೆಯೇ ಬಿಟ್ಟು, ಬೆಳಿಗ್ಗೆ ಹೊರಮೈಯನ್ನು ಒಣಬಟ್ಟೆಯಿಂದ ಒರಸಿಬಿಡಿರಿ. ಈ ಕೆಲಸದಲ್ಲಿ ಪೆಡಲನ್ನು ತಿರುಗಿಸುವವರೂ ಎಣ್ಣೆ ಬಿಡುವವರೂ ಒಬ್ಬರೇ ಆಗಿರಲಿ. ಮಕ್ಕಳು ಉತ್ಸಾಹದಿಂದ ಪೆಡಲನ್ನು ತುಳಿದಾಗ ಹಲ್ಲುಚಕ್ರಕ್ಕೆ ಸಿಕ್ಕಿದ ಬೆರಳು ಮೊದಲಿನಂತೆ ಬರಲಾರದು.

ಸವೆತವನ್ನು ಅಳೆಯಲು ಶಾಲೆಯ ಹುಡುಗರ ಅಡಿಕೋಲು ಸಾಕು. ಹೊಸ ಸರಪಣಿಯನ್ನು ಬಿಗಿಯಾಗಿ ಎಳೆದು ಹಿಡಿದು ಅಳೆದರೆ, ಒಂದು ಪಿನ್ನಿನ ನಡುವಿನಿಂದ ಎಣಿಸಿದ 24ನೆಯ ಕೊಂಡಿಯ ಪಿನ್ನು ಸರಿಯಾಗಿ 12 ಅಂಗುಲಕ್ಕೆ ಬರುವುದು. ಆ ಪಿನ್ನು ಅಂಗುಲದ ಎಂಟನೆಯ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ತೊಳೆದು ಫಲವಿಲ್ಲ, ಸರಪಣಿಯನ್ನು ಬದಲಾಯಿಸತಕ್ಕದ್ದು. ಫ್ರೀವೀಲಿನ ಹಲ್ಲುಗಳೂ ಕೊಕ್ಕೆಯಂತೆ ಬಾಗಿದ್ದರೆ ಅದನ್ನೂ ಜೊತೆಯಲ್ಲಿಯೇ ಬದಲಾಯಿಸಿರಿ. ಸವೆದ ಹಲ್ಲಿನ ಮೇಲೆ ಹೊಸ ಸರಪಣಿಯು ನಿಲ್ಲದೆ, ಏರಿನಲ್ಲಿ ಬಲವಾಗಿ ತುಳಿದಾಗಲೇ ಜಾರಿ ಸವಾರನನ್ನು ಕೆಡಹುವುದು.