ಫೋನಿಗೆ ಮೂರನೆಯ ಕಿವಿ

"ಪೊಲೀಸರು ಯಾರ ಫೋನನ್ನು ಬೇಕಾದರೂ ಕೇಳಿಸಿಕೊಳ್ಳಬಹುದೇನಯ್ಯಾ?" ಅಂತ ನಮ್ಮ ಕೂಟದ ಗೆಳೆಯರು ಆಗಾಗ ನನ್ನನ್ನು ಕೇಳುವುದುಂಟು. ಕಾನೂನು ಓದುವವನಿಗೆ ಎಲ್ಲವೂ ಗೊತ್ತಿರುತ್ತದೆಂದು ಅವರ ನಂಬಿಕೆ. ಉತ್ತರ "ಇಲ್ಲ" ಎಂದೇ. ಆದರೆ ಆ "ಇಲ್ಲ"ದಲ್ಲಿ ಎಂಥ ತೂತುಗಳಿವೆ ಎಂದು ತೋರಿಸಲು ನಮ್ಮ ಪುಣೆಯದೇ ಒಂದು ಪ್ರಕರಣವಿದೆ.

ಮೊದಲು ಕಾನೂನು ನೋಡೋಣ. 1885ರ ಟೆಲಿಗ್ರಾಫ್ ಕಾಯಿದೆ ಬ್ರಿಟಿಷರು ಮಾಡಿದ್ದು. ತಂತಿ ಹೋಯಿತು, ಟ್ರಂಕ್ ಕಾಲ್ ಹೋಯಿತು, ಕಾಯಿದೆ ಮಾತ್ರ ಮೊಬೈಲ್ ಕಾಲದವರೆಗೂ ಗಟ್ಟಿಯಾಗಿ ಕೂತಿತ್ತು. ಅದರ 5(2)ನೆಯ ಕಲಮಿನಂತೆ ಸಾರ್ವಜನಿಕ ತುರ್ತು ಸ್ಥಿತಿ ಇರಬೇಕು, ಇಲ್ಲವೇ ಸಾರ್ವಜನಿಕ ಸುರಕ್ಷತೆಗೆ ಬೇಕಾಗಿರಬೇಕು. ಆ ಮೇಲೆ ದೇಶದ ಭದ್ರತೆ, ಅಪರಾಧಕ್ಕೆ ಪ್ರಚೋದನೆ ತಡೆಯುವುದು ಮುಂತಾದ ಕಾರಣವೊಂದನ್ನು ಬರೆದು ತೋರಿಸಬೇಕು. ಎರಡು ಮೆಟ್ಟಿಲು, ಮೊದಲನೆಯದನ್ನು ಹತ್ತದೆ ಎರಡನೆಯದಕ್ಕೆ ಕಾಲಿಡುವಂತಿಲ್ಲ.

ಕದ್ದಾಲಿಕೆ ಅಂದ ಕೂಡಲೇ ಮನೆಯ ಹಿರಿಯರಿಗೆ ನೆನಪಾಗುವುದು ರಾಮಕೃಷ್ಣ ಹೆಗಡೆಯವರು. 1988ರ ಆಗಸ್ಟಿನಲ್ಲಿ ಈ ಆರೋಪ ಬಂದೇ ಅವರು ಮುಖ್ಯಮಂತ್ರಿ ಪದವಿ ಬಿಟ್ಟದ್ದು. ಬೊಮ್ಮಾಯಿಯವರು ಬಂದರು, ಕಾಯಿದೆ ಇದ್ದ ಹಾಗೇ ಇತ್ತು.

ಬದಲಾವಣೆ ಬಂದದ್ದು 1996ರ ಡಿಸೆಂಬರಿನಲ್ಲಿ, ಪಿ.ಯು.ಸಿ.ಎಲ್. ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ. ಕದ್ದಾಲಿಕೆಯ ಆದೇಶವನ್ನು ಗೃಹ ಕಾರ್ಯದರ್ಶಿಯೇ ಕೊಡಬೇಕು, ಎರಡು ತಿಂಗಳಿಗೆ ಅದು ಮುಗಿಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು, ಸಮಿತಿಯೊಂದು ಅದನ್ನು ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಆದರೆ ನ್ಯಾಯಾಧೀಶರ ಅಪ್ಪಣೆ ಮೊದಲೇ ಬೇಕು ಎಂಬ ಮಾತನ್ನು ಒಪ್ಪಲಿಲ್ಲ. ಹಾಗಾಗಿ ಸಹಿ ಹಾಕುವವರೂ ಅಧಿಕಾರಿ, ಪರಿಶೀಲಿಸುವವರೂ ಅಧಿಕಾರಿಗಳೇ. ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಸಮಿತಿಯ ಅಧ್ಯಕ್ಷರು. ಇವರೆಲ್ಲ ನೋಡುವುದು ಏನನ್ನು? ಪೊಲೀಸರು ಕಳಿಸಿದ ಕಾಗದವನ್ನು.

ಇಲ್ಲೇ ಪುಣೆಯ ಪ್ರಕರಣ ಬರುತ್ತದೆ. 2022ರಲ್ಲಿ ಬಂಡ್ ಗಾರ್ಡನ್ ಠಾಣೆಯಲ್ಲಿ, ಹಿಂದೆ ಪುಣೆಯ ಪೊಲೀಸ್ ಕಮಿಷನರ್ ಆಗಿದ್ದ ರಶ್ಮಿ ಶುಕ್ಲಾ ಅವರ ಮೇಲೆ ದೂರು ದಾಖಲಾಯಿತು. ಕಾಂಗ್ರೆಸ್ಸಿನ ನಾನಾ ಪಟೋಲೆ ಮುಂತಾದ ರಾಜಕಾರಣಿಗಳ ಫೋನನ್ನು, ಮಾದಕ ವಸ್ತು ಮಾರುವವರದ್ದೆಂದು ಬೇರೆ ಹೆಸರು ಬರೆದು ಕೇಳಿಸಿಕೊಂಡರು ಎಂಬುದು ಆರೋಪ. ಅವರು ಅದನ್ನು ಒಪ್ಪಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟು ಪ್ರಕರಣವನ್ನು ರದ್ದು ಮಾಡಿತು. 2024ರಲ್ಲಿ ಅವರು ಮಹಾರಾಷ್ಟ್ರದ ಪೊಲೀಸ್ ಮಹಾನಿರ್ದೇಶಕರಾದರು. ಆದ್ದರಿಂದ ಯಾರು ತಪ್ಪಿತಸ್ಥರು ಅಂತ ನಾನು ಹೇಳಹೊರಟಿಲ್ಲ. ಆ ಆರೋಪ ಸುಳ್ಳೇ ಇರಲಿ, ಅಂಥದ್ದು ನಡೆಯುವುದು ಸಾಧ್ಯವೇ ಎಂಬುದು ನನ್ನ ಪ್ರಶ್ನೆ. ಕಾಗದದಲ್ಲಿ ನಂಬರಿನ ಮುಂದೆ ಯಾವುದೋ ಹೆಸರಿದ್ದರೆ ಮುಂಬಯಿಯಲ್ಲಿ ಕೂತ ಕಾರ್ಯದರ್ಶಿಗೆ ಅದು ಶಾಸಕರ ಫೋನೆಂದು ಹೊಳೆಯುವುದಾದರೂ ಹೇಗೆ? ಸಮಿತಿಯವರಿಗೂ ಅದೇ ಕಾಗದ. ಫೋನಿನ ಒಡೆಯನಿಗಂತೂ ಸುದ್ದಿಯೇ ಇಲ್ಲ, ತಕರಾರು ಹೂಡುವ ಮಾತು ದೂರ ಉಳಿಯಿತು.

ಖಾಸಗಿತನವೇ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪು ಇರುವುದು ನಮ್ಮವರ ಹೆಸರಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದರು. (ನಮಗೆ ಈಗಲೇ ಮೆಟ್ಟಿಲು ಅಂದ್ರೆ ಬೇಸರ!) 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ತೀರ್ಪಿನ ಫಲ ಬೇಗನೆ ಕಂಡಿತು. ವಿನೀತ್ ಕುಮಾರ್ ಮೊಕದ್ದಮೆಯಲ್ಲಿ, 2019ರ ಅಕ್ಟೋಬರಿನಲ್ಲಿ, ಬಾಂಬೆ ಹೈಕೋರ್ಟು ಮೂರು ಕದ್ದಾಲಿಕೆ ಆದೇಶಗಳನ್ನು ತಳ್ಳಿಹಾಕಿ, ಹಿಡಿದಿಟ್ಟ ಮಾತುಗಳನ್ನು ನಾಶಮಾಡಿ ಎಂದಿತು. ಅದು ಲಂಚದ ಆರೋಪ. ಲಂಚ ಕೆಟ್ಟದ್ದೇ, ಆದರೆ ಅದರಲ್ಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಎಲ್ಲಿದೆ? ಮೊದಲ ಮೆಟ್ಟಿಲು ಹತ್ತಿಲ್ಲವಲ್ಲ! ಆದರೆ ಇಲ್ಲೂ ಒಂದು ಮಾತು ಗಮನಿಸಿ: ಆ ಮನುಷ್ಯನ ಮೇಲೆ ಮೊಕದ್ದಮೆ ಬಂತು, ಅದರಿಂದಲೇ ಕದ್ದಾಲಿಕೆಯ ಸಂಗತಿ ತಿಳಿದದ್ದು. ಏನೂ ತಪ್ಪು ಮಾಡದವನ ಫೋನ್ ಕೇಳಿ ಬಿಟ್ಟುಬಿಟ್ಟರೆ ಅವನಿಗೆ ಜನ್ಮದಲ್ಲಿ ಗೊತ್ತಾಗದು.

2023ರ ಟೆಲಿಕಮ್ಯುನಿಕೇಷನ್ಸ್ ಕಾಯಿದೆ, ಅದರಡಿಯ 2024ರ ನಿಯಮಗಳು ಬಂದಾಗ ಇದೆಲ್ಲ ಸರಿಹೋದೀತೆಂದು ಓದಿದೆ. ಅದೇ ಎರಡು ಮೆಟ್ಟಿಲು, ಅದೇ ಕಾರ್ಯದರ್ಶಿ, ಅದೇ ಸಮಿತಿ. ಅಮೆರಿಕದಲ್ಲಿ 1968ರ ಕಾನೂನಿನಂತೆ ಅಪರಾಧದ ತನಿಖೆಗೆ ಫೋನ್ ಕೇಳಬೇಕಾದರೆ ನ್ಯಾಯಾಧೀಶರ ಆದೇಶ ಬೇಕು. ಎಲ್ಲ ಮುಗಿದ ಮೇಲೆ, ಸಾಮಾನ್ಯವಾಗಿ 90 ದಿನದೊಳಗೆ, ಆದೇಶದಲ್ಲಿ ಹೆಸರಿದ್ದವನಿಗೆ ನೋಟೀಸು ಹೋಗಬೇಕು. ನಮ್ಮಲ್ಲಿ ನ್ಯಾಯಾಧೀಶರ ಸಹಿಯ ವಿಚಾರ ತಡವಾದರೂ ಚಿಂತೆಯಿಲ್ಲ, ಈ ನೋಟೀಸೊಂದು ಮೊದಲು ಬರಲಿ ಅನ್ನುತ್ತೇನೆ ನಾನು.