ಭುಜ ಹಿಡ್ಕೊಂಡಿದ್ಯಾ? ಜಗ್ಗಿಸಿಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ನಗರಗೆರೆ: ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಸಾಮಾನು ಇಳಿಸೋಕೆ ಕೈ ಎತ್ತಿದರೆ ಭುಜ ಚುಳ್ ಅನ್ನುತ್ತೆ. ಅಂಗಿ ಹಾಕುವಾಗ ಕೈ ಹಿಂದಕ್ಕೆ ಹೋಗಲ್ಲ. ನೆಲದ ಮೇಲೆ ಕೂತರೆ ಏಳೋಕೆ ಇನ್ನೊಬ್ಬರ ಆಸರೆ ಬೇಕು. ಇಂಥವರು ನಮ್ಮ ಕಡೆ ಕಡಿಮೆ ಇಲ್ಲ. ಮೊದಲು ಮೆಡಿಕಲ್ ಸ್ಟೋರ್ ಮಾತ್ರೆ, ಆಮೇಲೆ ಎಣ್ಣೆ ನೀವೋದು, ಅದಕ್ಕೂ ಬಗ್ಗದಿದ್ರೆ ಯಾರ ಹತ್ರವೋ ಹೋಗಿ ಜಗ್ಗಿಸಿಕೊಳ್ಳೋದು. ಫಿಸಿಯೋಥೆರಪಿ ಅಂದ್ರೆ ‘ಕರೆಂಟ್ ಕೊಡ್ತಾರೆ’ ಅಂತಷ್ಟೇ ಹಲವರಿಗೆ ಗೊತ್ತು. ಆದರೆ ಅದರಲ್ಲಿ ಯಂತ್ರವಿಲ್ಲದೆ ಕೈಯಿಂದಲೇ ಮಾಡುವ ಚಿಕಿತ್ಸೆಯೂ ಇದೆ. ಅದಕ್ಕೆ ಮ್ಯಾನುವಲ್ ಥೆರಪಿ ಅಂತಾರೆ.

ಕೀಲು ಯಾಕೆ ಬಿಗಿಯುತ್ತೆ?

ಕೀಲಿನ ಸುತ್ತ ಚೀಲದಂಥ ಪೊರೆ ಇರುತ್ತೆ. ನೋವು ಅಂತ ಅಲ್ಲಾಡಿಸದೆ ಇಟ್ಟರೆ ಕೀಲು ಬಿಗಿಯುತ್ತಾ ಹೋಗುತ್ತೆ. ಮೂಳೆ ಮುರಿದು ಪಟ್ಟಿ ಹಾಕಿಸಿಕೊಂಡವರಿಗೆ, ಪಟ್ಟಿ ಬಿಚ್ಚಿದ ಮೇಲೆ ಮಣಿಕಟ್ಟು, ಮೊಣಕೈ ಮಡಚೋಕೆ ಆಗದಿರೋದು ಇದಕ್ಕೇ. ‘ಫ್ರೋಜನ್ ಶೋಲ್ಡರ್’ನಲ್ಲಿ ಭುಜದ ಪೊರೆಯೇ ಊದಿಕೊಂಡು ದಪ್ಪವಾಗಿ ಗಟ್ಟಿಯಾಗುತ್ತೆ. ಇದು 40ರಿಂದ 60 ವರ್ಷದವರಲ್ಲಿ ಹೆಚ್ಚು. ಶುಗರ್ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ಪೂರ್ತಿ ಸಡಿಲವಾಗೋಕೆ 1ರಿಂದ 3 ವರ್ಷ ಹಿಡಿಯಬಹುದು.

ಕೈಯಲ್ಲಿ ಏನು ಮಾಡ್ತಾರೆ?

ಮೊದಲು ಕೀಲು ಎಷ್ಟು ತಿರುಗುತ್ತೆ, ಎಲ್ಲಿ ನೋವು ಶುರುವಾಗುತ್ತೆ ಅಂತ ಅಳೀತಾರೆ. ಆಮೇಲೆ ಒಂದು ಮೂಳೆಯನ್ನ ಹಿಡಿದು, ಇನ್ನೊಂದನ್ನ ನಿಧಾನವಾಗಿ, ತಾಳಕ್ಕೆ ಸರಿಯಾಗಿ ಆಡಿಸ್ತಾರೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೈಟ್ಲೆಂಡ್ ಹೇಳಿಕೊಟ್ಟ ಲೆಕ್ಕದಲ್ಲಿ ಈ ಆಡಿಸೋದಕ್ಕೆ 4 ಹಂತ. 1 ಮತ್ತು 2ನೇ ಹಂತ ನೋವು ತಗ್ಗಿಸೋಕೆ, 3 ಮತ್ತು 4ನೇ ಹಂತ ಬಿಗಿತ ಬಿಡಿಸೋಕೆ. ನೋವು ಜೋರಾಗಿದ್ದಾಗ ಜೋರು ಒತ್ತಡ ಹಾಕಲ್ಲ.

ಜಗ್ಗೋದಕ್ಕೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಅಳತೆಯಿಲ್ಲದೆ ‘ಲಟಕ್’ ಅನ್ನಿಸಿದರೆ ಸವೆದ ಮೂಳೆ ಮುರಿಯಬಹುದು, ನರಕ್ಕೆ ಪೆಟ್ಟಾಗಬಹುದು. ಶಬ್ದ ಬಂದ ಮಾತ್ರಕ್ಕೆ ಕೀಲು ಕೂತಿತು ಅಂತಲ್ಲ.

ಅರ್ಧ ಕೆಲಸ ನಿಮ್ಮದು

ಕೈಚಿಕಿತ್ಸೆಯಿಂದ ಕೀಲು ಸ್ವಲ್ಪ ಸಡಿಲವಾಗುತ್ತೆ, ಅಷ್ಟೇ. ಆ ಸಡಿಲ ಉಳಿಯೋದು ಮನೆಯಲ್ಲಿ ಮಾಡೋ ವ್ಯಾಯಾಮದಿಂದ. ಭುಜಕ್ಕೆ ಗೋಡೆ ಮೇಲೆ ಬೆರಳುಗಳನ್ನ ಮೆಲ್ಲಗೆ ಮೇಲಕ್ಕೆ ನಡೆಸೋದು. ಮಂಡಿಗೆ ಕೆಳಗೆ ಟವೆಲ್ ಸುತ್ತಿಟ್ಟು 5 ಸೆಕೆಂಡ್ ಒತ್ತಿ ಬಿಡೋದು, 10 ಸಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲೂ ಮಾಡಬಹುದು. ಮಾಡುವಾಗ ಸ್ವಲ್ಪ ಎಳೆದಂತಾದರೆ ಪರವಾಗಿಲ್ಲ. ಹೆಚ್ಚಾದ ನೋವು ಮಾರನೇ ದಿನವೂ ಇಳಿಯದಿದ್ರೆ ಅತಿಯಾಯ್ತು ಅಂತ ಅರ್ಥ, ಕಡಿಮೆ ಮಾಡಿ.

ನೀರಿನ ಮಾತೂ ಇದೆ

ನಮ್ಮ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ರೆ ಮಾತ್ರ 1.5ರವರೆಗೆ ಅನ್ನೋದು ಮಾನಕ. ವರ್ಷಗಟ್ಟಲೆ ಮಿತಿ ಮೀರಿದ ನೀರು ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ಸೇರಿ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತೆ. ಇದನ್ನ ಯಾವ ಕೈಚಿಕಿತ್ಸೆಯೂ ವಾಪಸ್ ತರಲ್ಲ. ಇಲ್ಲಿ ನೀರು ಬದಲಾಯಿಸೋದೇ ಮೊದಲ ಮದ್ದು. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ.

ಯಾವಾಗ ಮುಟ್ಟಿಸಬಾರದು?

ಬಿದ್ದ ಮೇಲೆ ಎಕ್ಸ್‌ರೇ ಆಗದೆ ಮುಟ್ಟಿಸಬೇಡಿ. ಕೀಲು ಊದಿ, ಬಿಸಿಯಾಗಿ, ಜ್ವರ ಇದ್ದರೆ ಅದೇ ದಿನ ಡಾಕ್ಟರ್ ಹತ್ರ ಹೋಗಿ. ಬೆನ್ನುನೋವಿನ ಜೊತೆ ಕಾಲು ಬಲ ಕಳೆದುಕೊಂಡರೆ, ಮೂತ್ರ ಹಿಡಿತ ತಪ್ಪಿದರೆ ಕಾಯಲೇಬೇಡಿ, ಆಸ್ಪತ್ರೆಗೆ ಓಡಿ. ಮೂಳೆ ಸವೆತ ಇದ್ದರೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ.

ಯಾರ ಹತ್ರ ಹೋಗಬೇಕು?

ಬಿಪಿಟಿ ಅಥವಾ ಎಂಪಿಟಿ ಓದಿದವರೇ ಫಿಸಿಯೋಥೆರಪಿಸ್ಟ್. 2021ರಲ್ಲಿ ಬಂದ ಕೇಂದ್ರ ಕಾಯ್ದೆ ಈ ವೃತ್ತಿಯನ್ನೂ ಒಳಗೊಂಡಿದೆ. ಬೋರ್ಡ್ ನೋಡಿ ಒಳಗೆ ಹೋಗಬೇಡಿ, ಓದಿದ್ದೇನು ಅಂತ ಕೇಳಿ. ಖರ್ಚಿನ ಚಿಂತೆ ಇದ್ದವರು ಗೌರಿಬಿದನೂರು ತಾಲ್ಲೂಕು ಆಸ್ಪತ್ರೆ ಇಲ್ಲವೇ ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿ ಬೇಕಾ ಅಂತ ಕೇಳಿ. ಬಸ್ ಚಾರ್ಜು, ಒಂದಿನದ ವ್ಯಾಪಾರ ಹೋಗುತ್ತೆ ನಿಜ. ಆದರೆ ತಿಂಗಳುಗಟ್ಟಲೆ ಬಿಟ್ಟ ಕೀಲನ್ನ ಬಿಡಿಸೋಕೆ ಇನ್ನೂ ಹೆಚ್ಚು ದಿನ ಓಡಾಡಬೇಕಾಗುತ್ತೆ.